9ನೇ ತಾರೀಖು ಇನ್ನೆರಡು ಪ್ರಶ್ನೆ ಕೇಳಿ: ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಹಾಸನ.
ಜೊತೆಗೆ, ಜಿಲ್ಲೆಯಲ್ಲಿ ಬಸುರಿ ಹೆಣ್ಣುಮಕ್ಕಳಿರುವ ಎಲ್ಲ ಮನೆಯವರಿಗೆ.

ಮಾನ್ಯರೇ,

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಸಾಲು ಇರುತ್ತದೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ ಅದು. ಅವತ್ತು ಡಾಕ್ಟರೇ ನೋಡುತ್ತಾರೆ. ದುಡ್ಡು ಕೊಡುವ ಹಾಗಿಲ್ಲ. ತೂಕ, ಬಿಪಿ, ರಕ್ತ, ಮೂತ್ರ, ಸಕ್ಕರೆ, ಮಗುವಿನ ಎದೆಬಡಿತ ಎಲ್ಲ ನೋಡಿ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ನಮ್ಮ ಅಜ್ಜಿಯರ ಕಾಲದಲ್ಲಿ ಇಷ್ಟಿದ್ದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ ಏನೋ. ಈ ಕೆಲಸಕ್ಕೆ ಮೊದಲು ಒಂದು ನಮಸ್ಕಾರ. ಆಮೇಲೆ ಒಂದು ಬೇಡಿಕೆ.

ಅವತ್ತು ಆ ಸಾಲಿನಲ್ಲಿ ಕೂತ ಒಬ್ಬೊಬ್ಬರಿಗೂ ಇನ್ನೆರಡು ಪ್ರಶ್ನೆ ಕೇಳಿಸಿ. ಕಳೆದ ಒಂದು ತಿಂಗಳಲ್ಲಿ ಪದೇ ಪದೇ ಮನಸ್ಸು ಕುಗ್ಗಿದೆಯಾ, ಬೇಜಾರಾಗಿದೆಯಾ, ಯಾವ ದಾರಿಯೂ ಇಲ್ಲ ಅನ್ನಿಸಿದೆಯಾ? ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸಗಳು ಈಗ ಬೇಡವೇ ಬೇಡ ಅನ್ನಿಸುತ್ತಿವೆಯಾ? ಇಷ್ಟೇ. ಈ ಪ್ರಶ್ನೆಗಳು ನನ್ನ ಸ್ವಂತದ್ದಲ್ಲ. ಬ್ರಿಟನ್ನಿನಲ್ಲಿ ಬಸುರಿಯರನ್ನು ಮೊದಲ ಸಲ ನೋಡುವಾಗಲೇ ಹೀಗೆ ಕೇಳುವ ಪದ್ಧತಿ ಇದೆ. ಯಾವುದಕ್ಕಾದರೂ 'ಹೌದು' ಅಂತ ಬಂದರೆ ಇನ್ನೂ ವಿವರವಾಗಿ ಕೇಳುತ್ತಾರೆ. ಅದಕ್ಕೆ 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ತಯಾರಾದ ಎಡಿನ್‌ಬರೋ ಪ್ರಶ್ನಾವಳಿ ಇದೆ. ಹತ್ತೇ ಪ್ರಶ್ನೆ. ನಮ್ಮಲ್ಲಿ ಅದು ಕನ್ನಡದಲ್ಲೂ ಇದೆ. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ.

ನಾನು ಸಕಲೇಶಪುರ ತಾಲ್ಲೂಕಿನವಳು. ಎರಡು ಮಕ್ಕಳ ತಾಯಿ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ನಮ್ಮೂರಿನ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಬರೆಯುತ್ತೇನೆ. ಸಭೆಯಲ್ಲಿ ಕಂತು ಕಟ್ಟಿ ಎಲ್ಲರೂ ಎದ್ದು ಹೋದ ಮೇಲೆ ಒಬ್ಬಿಬ್ಬರು ಸುಮ್ನೆ ಕೂತೇ ಇರುತ್ತಾರೆ. ಮೊದಲು ಸಾಲದ ಮಾತು, ಆಮೇಲೆ ಮನೆಯ ಮಾತು. ಹಾಗೆ ಕೇಳಿದ ಮಾತುಗಳೇ ಈ ಪತ್ರ ಬರೆಸುತ್ತಿವೆ.

ಸಂಘದ ಒಬ್ಬ ಹುಡುಗಿಯ ಜೊತೆ ಒಂದು 9ನೇ ತಾರೀಖು ನಾನೂ ಆಸ್ಪತ್ರೆಗೆ ಹೋಗಿದ್ದೆ. ಅವಳಿಗೆ ಏಳು ತಿಂಗಳು. ಅತ್ತೆಯೂ ಬಂದಿದ್ದರು. ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಕೈಯಲ್ಲಿ ಮೂತ್ರದ ಡಬ್ಬಿ, ಪ್ಲಾಸ್ಟಿಕ್ ಕವರಿನೊಳಗೆ ತಾಯಿ ಕಾರ್ಡು. ಅವಳ ಸರದಿ ಬಂತು. ತೂಕ ಹೋದ ತಿಂಗಳಷ್ಟೇ ಇತ್ತು.

'ಊಟ ಸೇರ್ತಿದೆಯೇನಮ್ಮಾ?' ಸಿಸ್ಟರ್ ಕೇಳಿದರು.

'ಎಲ್ಲಿ ಮೇಡಂ, ಎರಡು ತುತ್ತು ತಿಂದು ಏಳ್ತಾಳೆ' ಅಂದರು ಅತ್ತೆ.

'ನಿದ್ದೆ?'

'ರಾತ್ರಿಯೆಲ್ಲ ಎದ್ದೇ ಇರ್ತಾಳೆ. ಮೊಬೈಲು ನೋಡ್ತಾ.'

'ಚೆನ್ನಾಗಿ ತಿನ್ನಬೇಕಮ್ಮ, ರಕ್ತ ಕಮ್ಮಿ ಇದೆ' ಅಂತ ಹೇಳಿ ಕಬ್ಬಿಣದ ಮಾತ್ರೆ ಕೊಟ್ಟು ಮುಂದಿನವರನ್ನು ಕರೆದರು. ಹುಡುಗಿ ಬಾಯಿಯೇ ತೆರೆಯಲಿಲ್ಲ. ಕಾರ್ಡಿನ ಕವರಿನ ಮೂಲೆಯನ್ನು ಹೆಬ್ಬೆರಳಿನಿಂದ ಮಡಚುತ್ತಾ ಬಿಚ್ಚುತ್ತಾ ಇದ್ದಳು. ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಅವರ ಹಿಂದೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆಗೆ ಮುಂದೆ ಸೀಟು ಸಿಕ್ಕಿತು. ನಾವಿಬ್ಬರೂ ಹಿಂದೆ ಕೂತೆವು. ಆಗ ಅವಳು ಹೇಳಿದಳು: 'ಅಕ್ಕಾ, ಮಗು ಒದ್ದಾಗ ನಂಗೆ ಖುಷಿನೇ ಆಗಲ್ಲ. ಯಾರದ್ದೋ ಮಗು ಇಟ್ಕೊಂಡಿರೋ ಹಂಗೆ ಅನ್ಸುತ್ತೆ.'

ಅವಳ ತಾಯಿ ಕಾರ್ಡಿನಲ್ಲಿ ಜಿ2, ಪಿ1, ಎಲ್0 ಅಂತ ಬರೆದಿತ್ತು. ಆಸ್ಪತ್ರೆಯವರಿಗೆ ಇದು ದಿನನಿತ್ಯದ ಲೆಕ್ಕ. ಎರಡನೇ ಬಸುರು, ಒಂದು ಹೆರಿಗೆ ಆಗಿದೆ, ಬದುಕಿರುವ ಮಗು ಸೊನ್ನೆ. ಹಿಂದಿನ ವರ್ಷ ದಿನ ತುಂಬುವ ಮೊದಲೇ ಹುಟ್ಟಿದ ಮಗು ಉಳಿದಿರಲಿಲ್ಲ. ಆ ಸೊನ್ನೆಯನ್ನು ಪ್ರತಿ ತಿಂಗಳು ಒಬ್ಬರಲ್ಲ ಒಬ್ಬರು ಓದುತ್ತಿದ್ದರು. ಅದರ ಬಗ್ಗೆ ಅವಳ ಹತ್ತಿರ ಯಾರೂ ಮಾತಾಡಿರಲಿಲ್ಲ. ಮನೆಯಲ್ಲಂತೂ 'ಅದನ್ನ ನೆನೆಸ್ಕೋಬೇಡ, ಕೆಟ್ಟದ್ದು' ಅಂತ ಬಾಯಿ ಮುಚ್ಚಿಸಿದ್ದರು.

ಊಟ ಸೇರದ್ದು, ನಿದ್ದೆ ಬಾರದ್ದು, ತೂಕ ಏರದ್ದು, ಕಳೆದ ಸಲದ ಸಾವು. ನಾಲ್ಕೂ ಆ ಮೇಜಿನ ಮೇಲೆ ಬಂದವು. ಅತ್ತೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಉತ್ತರ ಕೊಡಬೇಕಾದವಳು ಪಕ್ಕದಲ್ಲೇ ಸುಮ್ಮನೆ ನಿಂತಿದ್ದಳು.

ಇಂಥವರು ಎಷ್ಟು ಜನ ಇರಬಹುದು? ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ನಮ್ಮಂಥ ದೇಶಗಳಲ್ಲಿ ಬಸುರಿಯರಲ್ಲಿ ಶೇ 15.6ರಷ್ಟು, ಹೆರಿಗೆಯಾದವರಲ್ಲಿ ಶೇ 19.8ರಷ್ಟು ಹೆಣ್ಣುಮಕ್ಕಳಿಗೆ ಮಾನಸಿಕ ತೊಂದರೆ ಇರುತ್ತದೆ. ಅದರಲ್ಲಿ ಖಿನ್ನತೆಯೇ ಜಾಸ್ತಿ. ಅಂದರೆ ಆ ಮೂವತ್ತು ಜನರ ಸಾಲಿನಲ್ಲಿ ನಾಲ್ಕೈದು ಜನ. ಭಾರತದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಹೆರಿಗೆಯ ನಂತರದ ಖಿನ್ನತೆ ನಮ್ಮ ದೇಶದಲ್ಲಿ ಶೇ 22ರಷ್ಟು. ಬಸುರಿಯರಿಗೆ ಸಕ್ಕರೆ ಕಾಯಿಲೆ ಇದೆಯಾ ಅಂತ ತಪ್ಪದೆ ನೋಡುತ್ತೀರಿ, ಅದು ಸರಿಯೇ. ಇಷ್ಟು ಸಾಮಾನ್ಯವಾಗಿರುವ ಇನ್ನೊಂದನ್ನು ಯಾಕೆ ನೋಡಬಾರದು?

ಗೋವಾದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ನಡೆದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೆರಿಗೆಯಾಗಿ ಆರರಿಂದ ಎಂಟು ವಾರಕ್ಕೆ ಶೇ 23ರಷ್ಟು ತಾಯಂದಿರು ಖಿನ್ನತೆಯಲ್ಲಿದ್ದರು. ಕಾರಣಗಳನ್ನು ಓದಿದರೆ ನಮ್ಮ ಪಕ್ಕದ ಮನೆಯ ಕಥೆ ಓದಿದ ಹಾಗಾಗುತ್ತದೆ. ಬಡತನ. ಗಂಡನ ಹೊಡೆತ. ಗಂಡು ಬೇಕು ಅಂತ ಕಾದಿದ್ದಾಗ ಮತ್ತೆ ಹೆಣ್ಣು ಹುಟ್ಟಿದ್ದು. ಇವೆಲ್ಲದರ ಜೊತೆ ಇನ್ನೊಂದು: ಬಸುರಿಯಾಗಿದ್ದಾಗಲೇ ಮನಸ್ಸು ಕುಗ್ಗಿದ್ದವರಿಗೆ ಬಾಣಂತಿಯಾದ ಮೇಲೂ ಅದೇ ಕಾಡಿತ್ತು. ಏಳನೇ ತಿಂಗಳಲ್ಲಿ ಕೇಳಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಮಗು ಹುಟ್ಟಿದ ಮೇಲೆ ಎಲ್ಲರ ಕಣ್ಣೂ ತೊಟ್ಟಿಲ ಮೇಲೆ. ತಾಯಿಯನ್ನು ಯಾರು ಕೇಳುತ್ತಾರೆ?

'ಎಲ್ಲಾ ಸರಿ ಕಣಮ್ಮ, ಜನ ಎಲ್ಲಿದ್ದಾರೆ?' ಅಂತ ನೀವು ಕೇಳಬಹುದು. ಇದ್ದಾರೆ ಸಾರ್. ಬಸುರಿಯರಿಗೆ ಎಚ್‌ಐವಿ ಪರೀಕ್ಷೆ ಮಾಡಿಸುವಾಗ ಆಪ್ತ ಸಮಾಲೋಚಕರು ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿಸುತ್ತಾರಲ್ಲ? ಅಲ್ಲಿಗೆ ಅತ್ತೆ ಬರುವ ಹಾಗಿಲ್ಲ, ಗಂಡನೂ ಬರುವ ಹಾಗಿಲ್ಲ. ಗುಟ್ಟು ಕಾಪಾಡುವ ತರಬೇತಿ ಅವರಿಗೆ ಆಗಲೇ ಆಗಿದೆ. ಅದೇ ಕೋಣೆ, ಅದೇ ಕುರ್ಚಿ, ಇನ್ನೆರಡು ಪ್ರಶ್ನೆ. ಕೋಣೆ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಮೂಲೆಗೆ ಪರದೆ ಕಟ್ಟಿದರೂ ಆಯಿತು. ಹಾಸನಾಂಬೆಯ ದರ್ಶನಕ್ಕೆ ವರ್ಷಾ ವರ್ಷಾ ಬರುವ ಲಕ್ಷಗಟ್ಟಲೆ ಜನರಿಗೆ ಬ್ಯಾರಿಕೇಡ್, ನೀರು, ನೆರಳು ಎಲ್ಲ ಹೊಂದಿಸುವ ಜಿಲ್ಲೆ ನಮ್ಮದು. ತಿಂಗಳಿಗೊಂದು ದಿನ ಒಂದು ಪರದೆ ಕಟ್ಟುವುದು ಕಷ್ಟ ಅಂತ ಹೇಳಬೇಡಿ.

ಇನ್ನು 'ಹೌದು' ಅಂದವಳನ್ನು ಎಲ್ಲಿಗೆ ಕಳಿಸುವುದು? ಇಲ್ಲಿ ಒಂದು ತಮಾಷೆ ಇದೆ. ಮನೋಚೈತನ್ಯ ಅಂತ ನಮ್ಮ ರಾಜ್ಯದ್ದೇ ಒಂದು ಒಳ್ಳೆ ಕಾರ್ಯಕ್ರಮ. ಮನೋವೈದ್ಯರು ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ವ್ಯವಸ್ಥೆ. ಬಸುರಿಯರು ಬರುವುದು 9ನೇ ತಾರೀಖು. 9ನೇ ತಾರೀಖು ಮಂಗಳವಾರ ಬೀಳುವುದು ವರ್ಷಕ್ಕೆ ಹೆಚ್ಚೆಂದರೆ ಮೂರು ಸಲ. ಒಂದೇ ಆಸ್ಪತ್ರೆ, ಒಂದೇ ಇಲಾಖೆ. ಹೀಗಿದ್ದೂ ಡಾಕ್ಟರೂ ಬಸುರಿಯೂ ಕ್ಯಾಲೆಂಡರಿನಲ್ಲಿ ಒಬ್ಬರಿಗೊಬ್ಬರು ಸಿಗುವುದೇ ಅಪರೂಪ! 9ರಂದು ಗುರುತಿಸಿದವರಿಗೆ ಮುಂದಿನ ಮಂಗಳವಾರದ ಚೀಟಿ ಕೊಡಿ. ಅಷ್ಟೇ ಸಾಲದು, ಅವತ್ತು ಅವಳು ಬಂದಳೋ ಇಲ್ಲವೋ ಅಂತ ಒಬ್ಬರು ಫೋನ್ ಮಾಡಿ ವಿಚಾರಿಸಲಿ. ಹೆಚ್ಚಿನ ತೊಂದರೆ ಇರುವವರಿಗೆ ಹಾಸನದಲ್ಲೇ ವೈದ್ಯಕೀಯ ಕಾಲೇಜು ಇದೆಯಲ್ಲ, ಅಲ್ಲಿ ಮನೋವೈದ್ಯರೂ ಇದ್ದಾರೆ, ಹೆರಿಗೆ ವಿಭಾಗವೂ ಇದೆ. ಎರಡೂ ವಿಭಾಗದವರು ವಾರಕ್ಕೊಂದು ದಿನ ಒಟ್ಟಿಗೆ ಕೂತರೆ ಸಾಕು.

ಒಂದು ಮಾತು. 'ಹೌದು' ಅಂದವರೆಲ್ಲ ಖಿನ್ನತೆಯವರೇ ಅಂತ ಬರೆದುಬಿಡಬೇಡಿ. ರಕ್ತಹೀನತೆ ಇದ್ದರೂ ಸುಸ್ತು, ಥೈರಾಯ್ಡ್ ಕಮ್ಮಿ ಇದ್ದರೂ ಮಂಕು. ಮೊದಲು ಅದನ್ನು ನೋಡಿ. ಮನಸ್ಸಿನದ್ದೇ ತೊಂದರೆ ಅಂತ ಗೊತ್ತಾದರೂ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಎಷ್ಟೋ ಜನರಿಗೆ ಬೇಕಾಗಿರುವುದು ಮಾತು, ನಿದ್ದೆ, ಕೆಲಸದಲ್ಲಿ ಸ್ವಲ್ಪ ಸಹಾಯ.

ಇದಕ್ಕೆ ಪುರಾವೆ ಇದೆ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಖಿನ್ನತೆ ಇದ್ದ ತುಂಬು ಬಸುರಿಯರನ್ನು ಆರಿಸಿಕೊಂಡರು. ನಮ್ಮ ಆಶಾ ಅಕ್ಕಂದಿರಂಥವರೇ, ಅಲ್ಲಿಯ ಆರೋಗ್ಯ ಕಾರ್ಯಕರ್ತೆಯರು, ಚಿಕ್ಕ ತರಬೇತಿ ಪಡೆದು ಮನೆಗೆ ಹೋಗಿ ಮಾತಾಡಿಸಿದರು. ತನ್ನ ಬಗ್ಗೆ ತಾನೇ ಅಂದುಕೊಳ್ಳುವ ಕೆಟ್ಟ ಮಾತುಗಳನ್ನು ಹೇಗೆ ಎದುರಿಸುವುದು, ಮನೆಯವರಿಂದ ಹೇಗೆ ಸಹಾಯ ಕೇಳುವುದು, ಇಂಥವೇ. ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ, ಹೀಗೆ ಮಾತಾಡಿಸಿದವರಲ್ಲಿ ಶೇ 23ರಷ್ಟು ಜನರಿಗೆ ಮಾತ್ರ ಖಿನ್ನತೆ ಉಳಿದಿತ್ತು. ಮಾಮೂಲಿ ಭೇಟಿ ಮಾತ್ರ ಸಿಕ್ಕಿದ್ದವರಲ್ಲಿ ಶೇ 53. ಇದು 2008ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಕೈಪಿಡಿಯಾಗಿ ತಂದಿತು. ಗೋವಾದಲ್ಲಿ ಇದನ್ನೇ ಅಕ್ಕಪಕ್ಕದ ತಾಯಂದಿರ ಕೈಯಲ್ಲಿ ಮಾಡಿಸಿ ನೋಡಿದರು. ಪಕ್ಕದ ಕೇರಳದಲ್ಲಿ ಬಸುರಿಯರ ಮನಸ್ಸಿನ ತಪಾಸಣೆಗೆ 'ಅಮ್ಮ ಮನಸ್ಸು' ಅಂತಲೇ ಕಾರ್ಯಕ್ರಮ ಇದೆ. ನಾವೇನು ಹಿಂದೆ ಬಿದ್ದವರಲ್ಲ. ಮನಸ್ಸಿನ ಕಾಯಿಲೆಗೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಕೊಡಬಹುದು ಅಂತ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದನ್ನು ನೋಡಿಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು. ಬಳ್ಳಾರಿ ಮಾಡಿದ್ದನ್ನು ಹಾಸನ ಯಾಕೆ ಮಾಡಬಾರದು?

ಆದರೆ ದಯವಿಟ್ಟು ಇದನ್ನು ಆಶಾ ಅಕ್ಕಂದಿರ ತಲೆಯ ಮೇಲೆ ಪುಕ್ಕಟೆಯಾಗಿ ಹೊರಿಸಬೇಡಿ. ಲಸಿಕೆ ಅವರದ್ದು, ಸರ್ವೆ ಅವರದ್ದು, ಆನ್‌ಲೈನ್ ಎಂಟ್ರಿ ಅವರದ್ದು. 2025ರ ಜನವರಿಯಲ್ಲಿ ಗೌರವಧನ ಜಾಸ್ತಿ ಮಾಡಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದ್ದವರು ಅವರು. ಒಬ್ಬ ಬಸುರಿಯ ಮನೆಯಲ್ಲಿ ಅರ್ಧ ಗಂಟೆ ಕೂತು ಮಾತಾಡುವುದೂ ಕೆಲಸವೇ. ಅದಕ್ಕೆ ತರಬೇತಿ ಕೊಡಿ, ದುಡ್ಡೂ ಕೊಡಿ. ಒಳ್ಳೆ ಮನಸ್ಸಿನಿಂದ ಮಾಡುತ್ತಾರೆ ಅಂತ ಎಷ್ಟು ದಿನ ಮಾಡಿಸಿಕೊಳ್ಳುವುದು?

ಅಂಗನವಾಡಿ ಬಗ್ಗೆ ನನಗೆ ಬೇರೆಯದೇ ಒಂದು ಆಸೆ ಇದೆ. 2017ರ ಅಕ್ಟೋಬರ್‌ನಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಹಾಕುವ ಮಾತೃಪೂರ್ಣ ಯೋಜನೆ ಶುರುವಾದಾಗ ನಮ್ಮ ಕಡೆ ಎಲ್ಲರೂ ಗೊಣಗಿದರು. ಮಲೆನಾಡಿನ ಮಳೆಯಲ್ಲಿ, ಗುಡ್ಡ ಹತ್ತಿ ಇಳಿದು, ತುಂಬಿದ ಹೊಟ್ಟೆ ಹೊತ್ತುಕೊಂಡು ಮಧ್ಯಾಹ್ನದ ಊಟಕ್ಕೆ ಯಾರು ಹೋಗುತ್ತಾರೆ? ಆ ಗೊಣಗಾಟದಲ್ಲಿ ನ್ಯಾಯ ಇತ್ತು. ಡಬ್ಬಿ ತಂದು ಹಾಕಿಸಿಕೊಂಡು ಹೋದವರೇ ಜಾಸ್ತಿ. ಆದರೆ ಕೂತು ಉಂಡವರನ್ನು ನಾನು ನೋಡಿದ್ದೇನೆ. ಮೂರು ನಾಲ್ಕು ಬಸುರಿಯರು ಒಂದೇ ಚಾಪೆ ಮೇಲೆ. ಮನೆಯವರು ಯಾರೂ ಇಲ್ಲ. ಒಬ್ಬಳು ತನ್ನ ವಾಂತಿಯ ಕಥೆ ಹೇಳಿದರೆ ಇನ್ನೊಬ್ಬಳು ತನ್ನ ಕಾಲು ಊದಿದ್ದು ತೋರಿಸುತ್ತಾಳೆ, ಮತ್ತೊಬ್ಬಳು ಗಂಡ ಕುಡಿದು ಬಂದಿದ್ದು ಹೇಳುತ್ತಾಳೆ. ಹೊಸದಾಗಿ ಮದುವೆಯಾಗಿ ಬಂದವಳಿಗೆ ಊರಿನಲ್ಲಿ ಇಂಥ ಜಾಗ ಇನ್ನೊಂದು ಎಲ್ಲಿದೆ ಹೇಳಿ? ಇಲಾಖೆಯವರು ಪೌಷ್ಟಿಕಾಂಶದ ಲೆಕ್ಕ ಹಾಕಿದರು, ಮೊಟ್ಟೆ, ಹಾಲು, ಬೇಳೆ ಅಂತ. ಜೊತೆಯಲ್ಲಿ ಕೂತು ಉಣ್ಣುವುದಕ್ಕೂ ಒಂದು ಶಕ್ತಿ ಇದೆ, ಅದು ಯಾವ ತಕ್ಕಡಿಯಲ್ಲೂ ಬರುವುದಿಲ್ಲ. ನಡೆಯಲು ಆಗುವವರಿಗೆ ಕೂತು ಉಣ್ಣಲು ಹೇಳಿ. ತಿಂಗಳಿಗೊಮ್ಮೆ ಆರೋಗ್ಯ ಸಿಬ್ಬಂದಿ ಒಬ್ಬರು ಆ ಚಾಪೆ ಮೇಲೆ ಬಂದು ಕೂರಲಿ, ರಿಜಿಸ್ಟರ್ ಹಿಡಿಯದೆ.

ಪೋಷಣ ಮಾಸದಲ್ಲಿ ಅಂಗನವಾಡಿಯಲ್ಲಿ ಸೀಮಂತವನ್ನೂ ಮಾಡುತ್ತೀರಿ. ಬಳೆ ತೊಡಿಸಿ, ಅರಿಶಿನ ಕುಂಕುಮ ಕೊಟ್ಟು, ಮಡಿಲು ತುಂಬಿ. ಚೆನ್ನಾಗಿರುತ್ತದೆ. ತವರಿನಲ್ಲಿ ಯಾರೂ ಇಲ್ಲದವರು ಅಲ್ಲಿ ಕಣ್ಣೀರು ಹಾಕಿಕೊಂಡಿದ್ದನ್ನೂ ನೋಡಿದ್ದೇನೆ. ಫೋಟೋದಲ್ಲಿ ಬಸುರಿಯರು, ಅಧಿಕಾರಿಗಳು, ಸದಸ್ಯರು ಎಲ್ಲ ಇರುತ್ತಾರೆ. ಗಂಡಂದಿರು ಮಾತ್ರ ಕಾಣಿಸುವುದಿಲ್ಲ. ಅವರು ಹೊರಗೆ ಬೈಕಿನ ಮೇಲೆ ಕೂತು ಮೊಬೈಲು ತಿಕ್ಕುತ್ತಿರುತ್ತಾರೆ. ಮುಂದಿನ ಸಲ ಅವರನ್ನು ಒಳಗೆ ಕರೆದು, ಹತ್ತು ನಿಮಿಷ ಕೂರಿಸಿ, ನಾಲ್ಕು ಮಾತು ಹೇಳಿ. ಭಾಷಣ ಕಮ್ಮಿ ಮಾಡಿದರೆ ಹತ್ತು ನಿಮಿಷ ಸಿಕ್ಕೇ ಸಿಗುತ್ತದೆ.

ಈಗ ತೋಟದ ಕೂಲಿಯವರು ಇರುವ ಲೈನ್ ಮನೆಗಳಿಗೆ ಬರುತ್ತೇನೆ. ಸಕಲೇಶಪುರ, ಆಲೂರು, ಬೇಲೂರಿನ ಕಾಫಿ ತೋಟಗಳಲ್ಲಿ ಕೆಲಸ ಮಾಡುವವರಲ್ಲಿ ಈಗ ಅಸ್ಸಾಂ ಕಡೆಯವರೂ ಬೇಕಾದಷ್ಟು ಜನ. ಅವರಲ್ಲಿ ಬಸುರಿಯರೂ ಇದ್ದಾರೆ. ತವರು ಸಾವಿರಾರು ಕಿಲೋಮೀಟರ್ ದೂರ. ಕನ್ನಡ ಬಾರದು. ನವೆಂಬರಿನಿಂದ ಹಣ್ಣು ಕೊಯ್ಲು ಶುರುವಾದರೆ 9ನೇ ತಾರೀಖು ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ. ಬಸ್ಸು ತೋಟದ ಗೇಟಿಗೆ ಬರಬೇಕಲ್ಲ? ಸಂಜೆ ಮೇಲೆ ಆಶಾ ಅಕ್ಕ ಅವರ ಹತ್ತಿರ ಹೋಗಲಾರಳು, ಆನೆ ಓಡಾಡುವ ದಾರಿ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ತೋಟದ ಮಾಲೀಕರ ಸಂಘಗಳವರು ಇದನ್ನು ಓದುತ್ತಿದ್ದರೆ ಒಂದು ವಿನಂತಿ: 9ನೇ ತಾರೀಖು ಬಸುರಿಯರಿಗೆ ಕೂಲಿ ಕಡಿಯಬೇಡಿ, ಜೀಪು ಕೊಟ್ಟು ಕಳಿಸಿ. ಮೇಸ್ತ್ರಿಯನ್ನೇ ದುಭಾಷಿ ಮಾಡಿ ಕಳಿಸಬೇಡಿ, ಅವನ ಮುಂದೆ ಯಾವ ಹೆಂಗಸೂ ಬಾಯಿ ಬಿಡುವುದಿಲ್ಲ.

ಹೇಳಲು ಕಷ್ಟವಾದ ಒಂದು ವಿಷಯ ಇದೆ. ಹೆರಿಗೆಯಾಗಿ 42 ದಿನದೊಳಗೆ ಹೆರಿಗೆಯ ಕಾರಣಕ್ಕೆ ತಾಯಿ ತೀರಿಹೋದರೆ ಅದು ತಾಯಿ ಮರಣದ ಲೆಕ್ಕಕ್ಕೆ ಬರುತ್ತದೆ, ತನಿಖೆಯಾಗುತ್ತದೆ. ಮೂರನೇ ತಿಂಗಳಲ್ಲಿ ಬಾಣಂತಿ ತಾನೇ ಜೀವ ಕಳೆದುಕೊಂಡರೆ? ಪೇಪರಿನಲ್ಲಿ 'ಹೊಟ್ಟೆನೋವು ತಾಳಲಾರದೆ' ಅಂತ ಒಂದು ಸಾಲು. ಎಷ್ಟು ವರ್ಷದಿಂದ ಓದುತ್ತಿದ್ದೇವೆ ಆ ಹೊಟ್ಟೆನೋವನ್ನು? ಬಸುರಿ ಮತ್ತು ಬಾಣಂತಿಯರ ಆತ್ಮಹತ್ಯೆಯನ್ನೂ ತಾಯಿ ಮರಣ ಅಂತಲೇ ಎಣಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ. ಕೇರಳದ ಪ್ರಸೂತಿ ವೈದ್ಯರು ತಾಯಂದಿರ ಸಾವುಗಳನ್ನು ಗುಟ್ಟಾಗಿ ಪರಿಶೀಲಿಸುವಾಗ ಇವನ್ನೂ ನೋಡುತ್ತಾರೆ, ಯಾರ ಮೇಲೂ ಕೇಸು ಹಾಕುವುದಕ್ಕಲ್ಲ, ಎಲ್ಲಿ ಕೈತಪ್ಪಿತು ಅಂತ ತಿಳಿಯುವುದಕ್ಕೆ. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಏನಾಯಿತು ನೆನಪಿದೆಯಲ್ಲ? ಸರ್ಕಾರ ಸಮಿತಿ ಮಾಡಿತು, ಒಂದೊಂದು ಸಾವಿನ ಹಿನ್ನೆಲೆಯನ್ನೂ ಕೆದಕಿ ನೋಡಿದರು. ಜನ ಗಾಬರಿಯಾಗಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಗಾಬರಿ ಬೇಡ. ಆದರೆ ಅಷ್ಟೇ ಶ್ರದ್ಧೆಯಿಂದ ಒಂದು ವರ್ಷದೊಳಗಿನ ಬಾಣಂತಿಯರ ಸಾವನ್ನೂ ಒಮ್ಮೆ ನೋಡಿ.

ಮನೆಯವರಿಗೆ ಈಗ ಎರಡು ಮಾತು.

'ನಾವೇನು ಹೆತ್ತಿಲ್ವಾ?' ಅನ್ನುವ ಮಾತನ್ನು ದಯವಿಟ್ಟು ಬಿಡಿ. ನೀವು ಹೆತ್ತಿದ್ದೀರಿ, ಸರಿ. ಆಗ ನಿಮ್ಮನ್ನು ಯಾರಾದರೂ ಮಾತಾಡಿಸಿದ್ದರೆ ಚೆನ್ನಾಗಿರುತ್ತಿತ್ತು ಅಲ್ವಾ? ಹೊಟ್ಟೆ ನೋಡಿ ಗಂಡೋ ಹೆಣ್ಣೋ ಅಂತ ಹೇಳುವ ಆಟವೂ ಬೇಡ. ನಿಮಗೆ ಅದು ತಮಾಷೆ, ಎರಡು ಹೆಣ್ಣು ಹೆತ್ತು ಮೂರನೆಯದಕ್ಕೆ ಬಸುರಿಯಾದವಳಿಗೆ ಅದು ರಾತ್ರಿಯ ನಿದ್ದೆ ಕೆಡಿಸುವ ಮಾತು. ಬೆಂಗಳೂರಿನಲ್ಲಿ ಕೆಲಸ ಮಾಡಿ ಶನಿವಾರ ಊರಿಗೆ ಬರುವ ಗಂಡಂದಿರೇ, ಫೋನಿನಲ್ಲಿ 'ಮಾತ್ರೆ ತಗೊಂಡ್ಯಾ?' ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ. ಅವಳು ಅತ್ತರೆ ಫೋನ್ ಇಡಬೇಡಿ. ಪರಿಹಾರ ಹೇಳಲೇಬೇಕು ಅಂತಿಲ್ಲ.

ನಮ್ಮ ಬಾಣಂತನ ಒಳ್ಳೆಯದು. ಎಣ್ಣೆ ನೀರು, ಬಿಸಿ ಊಟ, ಮೂರು ತಿಂಗಳು ಕೆಲಸದಿಂದ ಬಿಡುವು, ಪಕ್ಕದಲ್ಲಿ ಅಮ್ಮ. ಇದನ್ನು ನಾನು ಯಾವ ಕಾರಣಕ್ಕೂ ಬಿಟ್ಟುಕೊಡುವುದಿಲ್ಲ. ಆದರೆ ಕತ್ತಲೆ ಕೋಣೆಯಲ್ಲಿ ಕೂಡಿ ಹಾಕಿ, ನೀರು ಕುಡಿಯಬೇಡ, ಯಾರ ಹತ್ತಿರವೂ ಮಾತಾಡಬೇಡ ಅನ್ನುವುದು ಬಾಣಂತನ ಅಲ್ಲ. ಅಮ್ಮ ಇಲ್ಲದವರಿಗೆ, ಮನೆಯವರ ವಿರುದ್ಧ ಮದುವೆಯಾಗಿ ತವರು ಕಳೆದುಕೊಂಡವರಿಗೆ ಬಾಣಂತನ ಮಾಡುವವರು ಯಾರು? ನಮ್ಮ ಸಂಘದಲ್ಲಿ ಸರದಿ ಹಾಕಿಕೊಂಡು ಒಬ್ಬರಿಗೆ ಮಾಡಿದೆವು. ಕಷ್ಟವೇನೂ ಆಗಲಿಲ್ಲ. ಮಗುವಿಗೆ ಎಣ್ಣೆ ಹಚ್ಚಲು ಜಗಳವಾಡಿಕೊಂಡು ಬರುತ್ತಿದ್ದರು.

ಹೆರಿಗೆಯಾದ ಮೂರು ನಾಲ್ಕನೇ ದಿನ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ. ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಎರಡು ವಾರ ದಾಟಿಯೂ ಅಳು, ಬೇಜಾರು, ಮಗುವಿನ ಮೇಲೆ ಮನಸ್ಸೇ ಇಲ್ಲದಿರುವುದು ಉಳಿದರೆ ತೋರಿಸಬೇಕು. ಇನ್ನೊಂದು ಇದೆ, ಹಿಂದಿನವರು ಬಾಣಂತಿ ಸನ್ನಿ ಅನ್ನುತ್ತಿದ್ದರು. ಸಾವಿರ ಹೆರಿಗೆಗೆ ಒಂದೋ ಎರಡೋ. ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ ಬರುತ್ತದೆ. ನಿದ್ದೆ ಪೂರ್ತಿ ಹೋಗುತ್ತದೆ, ಏನೇನೋ ಮಾತಾಡುತ್ತಾಳೆ, ಇದು ನನ್ನ ಮಗುವೇ ಅಲ್ಲ ಅನ್ನುತ್ತಾಳೆ, ಯಾರೋ ಕೂಗಿದ ಹಾಗೆ ಕೇಳಿಸುತ್ತದೆ. ಇದು ಗಾಳಿ ಅಲ್ಲ, ದೆವ್ವ ಅಲ್ಲ. ಹರಕೆ ಹೊತ್ತುಕೊಳ್ಳಿ, ಬೇಡ ಅನ್ನುವುದಿಲ್ಲ. ಮೊದಲು 108ಕ್ಕೆ ಫೋನ್ ಮಾಡಿ, ಅವತ್ತೇ ಆಸ್ಪತ್ರೆಗೆ ಸೇರಿಸಿ. ತಾಯಿ ಮಗು ಇಬ್ಬರನ್ನೇ ಬಿಟ್ಟು ಎಲ್ಲೂ ಹೋಗಬೇಡಿ. ಚಿಕಿತ್ಸೆ ಕೊಟ್ಟರೆ ಗುಣವಾಗುತ್ತದೆ. ಮಗುವನ್ನು ಕಿತ್ತುಕೊಳ್ಳುತ್ತಾರೆ ಅಂತ ಹೆದರುವುದೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆ ಪಡೆಯುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ವಾರ್ಡು 2009ರಿಂದ ಇದೆ. ಜಿಲ್ಲೆಯಲ್ಲೂ ಅಂಥದ್ದೊಂದು ಎರಡು ಹಾಸಿಗೆಯದ್ದಾದರೂ ಬೇಕು, ಆದರೆ ಅದು ಈ ಪತ್ರದ ಬೇಡಿಕೆ ಅಲ್ಲ. ಮೊದಲು ಪ್ರಶ್ನೆ ಕೇಳುವುದು ಶುರುವಾಗಲಿ.

ಮೊದಲಿನಿಂದಲೂ ಮನಸ್ಸಿನ ಕಾಯಿಲೆಗೋ ಫಿಟ್ಸ್‌ಗೋ ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ಎಚ್ಚರಿಕೆ. ಬಸುರು ಅಂತ ಗೊತ್ತಾದ ಕೂಡಲೇ ಮಾತ್ರೆಯನ್ನು ತಿಪ್ಪೆಗೆ ಎಸೆಯಬೇಡಿ. ಬಸುರಿನಲ್ಲೂ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ. ವಾಲ್‌ಪ್ರೊಯೇಟ್‌ನಂಥ ಕೆಲವು ಮಗುವಿಗೆ ಹಾನಿ ಮಾಡುತ್ತವೆ, ಅವನ್ನು ಬದಲಿಸಬೇಕಾಗುತ್ತದೆ. ಮಗು ಬೇಕು ಅಂತ ಅಂದುಕೊಂಡಾಗಲೇ ಡಾಕ್ಟರಿಗೆ ಹೇಳಿದರೆ ಒಳ್ಳೆಯದು.

ಇವತ್ತೇ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ತಾಯಿ ಕಾರ್ಡಿನ ಮೇಲೆ ಒಂದು ಸೀಲು ಹೊಡೆದು ಕೊಡಿ ಸಾರ್. ರಬ್ಬರ್ ಸ್ಟ್ಯಾಂಪಿಗೆ ಎಷ್ಟು ಖರ್ಚಾದೀತು?

ಆ ಹುಡುಗಿಯ ವಿಷಯ ಕೇಳುತ್ತೀರಾದರೆ, ನಮ್ಮ ಆಶಾ ಅಕ್ಕ ಅವಳನ್ನು ಒಂದು ಮಂಗಳವಾರ ಕರೆದುಕೊಂಡು ಹೋದರು. ಡಾಕ್ಟರು ಮಾತ್ರೆ ಬರೆಯಲಿಲ್ಲ. ಹೋದ ಮಗುವಿನ ಬಗ್ಗೆ ಕೇಳಿದರಂತೆ. ಹೆಣ್ಣೋ ಗಂಡೋ, ಯಾರ ಹಾಗಿತ್ತು, ಹೆಸರು ಅಂದುಕೊಂಡಿದ್ದಿರಾ ಅಂತ. ಆಮೇಲೆ ಗಂಡನನ್ನೂ ಒಮ್ಮೆ ಕರೆಸಿದರು. ಅವನೂ ಅತ್ತನಂತೆ, ಒಂದು ವರ್ಷದಲ್ಲಿ ಮೊದಲ ಸಲ. ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ, ಅವಳಿಗೆ ಈಗಲೂ ಕೆಲವು ದಿನ ಕಷ್ಟವೇ. ಅಕಸ್ಮಾತ್ ಬಸ್ಸಿನಲ್ಲಿ ಅವತ್ತು ಮೂರು ಸೀಟು ಒಂದೇ ಕಡೆ ಸಿಕ್ಕಿದ್ದರೆ ಇದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಈ ಪತ್ರದ ಪ್ರತಿಯನ್ನು ಜಿಲ್ಲಾ ಪಂಚಾಯ್ತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೂ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರಿಗೂ ಕಳಿಸುತ್ತಿದ್ದೇನೆ. ಮುಂದಿನ 9ನೇ ತಾರೀಖು ನಮ್ಮ ಸಂಘದ ಇಬ್ಬರು ಬಸುರಿಯರ ಜೊತೆ ಆಸ್ಪತ್ರೆಗೆ ಬರುತ್ತೇನೆ. ಪರದೆ ಬಟ್ಟೆಗೆ ಅನುದಾನ ಇಲ್ಲ ಅಂತಾದರೆ ಮೊದಲೇ ಅಳತೆ ತಿಳಿಸಿ. ಹೊಲಿಗೆ ಮಷಿನ್ ಇರುವವರು ನಮ್ಮ ಸಂಘದಲ್ಲೇ ಇದ್ದಾರೆ, ಹೊಲಿದು ತರುತ್ತೇವೆ.

ಇಂತಿ,
ಸಕಲೇಶಪುರ ತಾಲ್ಲೂಕಿನ ಒಂದು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು